ಕುರ್ಚಿ ಇಲ್ಲದ ಒಂದನೇ ಕ್ಲಾಸು

ಜೂನ್ ತಿಂಗಳು ಬಂತೆಂದರೆ ನನ್ನ ಸೆರಗು ಹಗುರ ಅನ್ನಿಸುತ್ತದೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಹೇಳುತ್ತಿದ್ದ ಅಷ್ಟೂ ವರ್ಷ, ಶಾಲೆ ಶುರುವಾದ ಹೊಸತರಲ್ಲಿ ನನ್ನ ಸೆರಗಿಗೆ ಯಾವುದಾದರೊಂದು ಮಗು ಜೋತುಬಿದ್ದೇ ಇರುತ್ತಿತ್ತು. ವ್ಯಾನಿನಿಂದ ಇಳಿದು ಅಮ್ಮಾ ಎಂದು ಕಿರುಚುವ ಒಂದು ಮಗುವನ್ನು ಎತ್ತಿಕೊಂಡರೆ ಇನ್ನೊಂದಕ್ಕೆ ಹೊಟ್ಟೆಕಿಚ್ಚು. ಗದರಿಸಿದರೆ ಇಡೀ ಕ್ಲಾಸೇ ರಾಗ ತೆಗೆಯುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಸೆರಗಿನ ತುದಿಯನ್ನು ಅಳುವ ಮಗುವಿನ ಕೈಗೆ ಕೊಟ್ಟು, "ಇದನ್ನ ಗಟ್ಟಿಯಾಗಿ ಹಿಡ್ಕೊಂಡಿರು. ಬಿಟ್ರೆ ಮಿಸ್ ಕಳ್ದೋಗ್ತಾಳೆ" ಅನ್ನುತ್ತಿದ್ದೆ. ಕಳೆದುಹೋಗುವವಳು ನಾನು, ಕಾಯಬೇಕಾದದ್ದು ತಾನು ಎಂದು ಗೊತ್ತಾದ ಕೂಡಲೇ ಮಗುವಿನ ಅಳು ಅರ್ಧ ನಿಲ್ಲುತ್ತಿತ್ತು.

ಆ ದಿನಗಳಿಗೆಂದೇ ಒಂದು ಹಳೆಯ ನೂಲಿನ ಸೀರೆ ಇಟ್ಟುಕೊಂಡಿದ್ದೆ. ಸಂಜೆ ನಮ್ಮೂರು ಹೊಳಲಿಗೆ ವಾಪಸಾಗುವ ಹೊತ್ತಿಗೆ ಅದರ ತುದಿಯೆಲ್ಲ ಕಣ್ಣೀರು, ಚಿತ್ರಾನ್ನದ ಅರಿಶಿನ, ಹೇಳಬಾರದ್ದೆಲ್ಲ. ನಮ್ಮತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅವ್ರು ನಿಂಗೆ ಸಂಬ್ಳ ಕೊಡ್ತಾರೋ ಸಿಂಬ್ಳ ಕೊಡ್ತಾರೋ?" ಎಂದು ಕೇಳೋರು. ನಾನು ನಗುತ್ತಲೇ ನೆನೆಹಾಕುತ್ತಿದ್ದೆ. ಆ ನಗು ಸುಳ್ಳಲ್ಲ. ನನಗೆ ಆ ಕೆಲಸ ಅಷ್ಟು ಇಷ್ಟವಿತ್ತು.

ಖಾಸಗಿ ಶಾಲೆಯ ಮೇಷ್ಟ್ರುಗಳಿಗೆ ಬೇಸಿಗೆ ರಜೆ ಅನ್ನುವುದು ಹೆಸರಿಗೆ ಮಾತ್ರ. ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳನ್ನು ಸೇರಿಸಿಕೊಂಡು ಬರಬೇಕು. ಯಾರು ಕಡಿಮೆ ತಂದರೋ ಅವರ ಮುಖಕ್ಕೆ ಮಂಗಳಾರತಿ. ನನ್ನ ಪಾಲಿಗೆ ಶಿವಪುರದ ಆಚೆಯ ಊರುಗಳು ಬೀಳುತ್ತಿದ್ದವು. ಭಿಕ್ಷೆಗೆ ಹೋದಂತೆ ನಾಚಿಕೆಯಾಗುತ್ತಿತ್ತು. ಆದರೆ ಆ ಮನೆಗಳವರು ಮಾತ್ರ ನಾಚಿಕೆಪಡಿಸಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, "ಕೂತ್ಕಳಿ ಮಿಸ್ಸು, ಬಿಸ್ಲಲ್ಲಿ ಬಂದಿದ್ದೀರಿ" ಅನ್ನೋರು. ಹಾಗೆ ಹೋದ ಒಂದು ಮನೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಕರೆದರೆ ಬರಲಿಲ್ಲ. "ಇವ್ಳು ಒರಗಡೆಯೋರ ತಾವ ಬಾಯೇ ಬುಡಲ್ಲ ಮಿಸ್ಸು. ಸ್ಕೂಲಲ್ಲಿ ಏನು ಮಾಡ್ತಾಳೋ ಅಂತ ಭಯ ನಂಗೆ. ನಿಮ್ಮ ಕೈಗೆ ಆಕ್ತೀನಿ" ಎಂದಳು ತಾಯಿ. ನಾನು ನೋಡ್ಕೋತೀನಿ ಎಂದು ಮಾತು ಕೊಟ್ಟು ಎದ್ದೆ.

ಆ ರಜೆ ಮುಗಿಸಿ ಹೋದಾಗ ನನ್ನ ಕ್ಲಾಸಿನಲ್ಲಿ ಕುರ್ಚಿ ಇರಲಿಲ್ಲ. ಯಾರ ಕ್ಲಾಸಿನಲ್ಲೂ ಇರಲಿಲ್ಲ. ಕೂತು ಪಾಠ ಮಾಡುವವರು ಸೋಮಾರಿಗಳು ಎಂದು ಶಾಲೆಯ ಸೆಕ್ರೆಟರಿಯವರಿಗೆ ಜ್ಞಾನೋದಯವಾಗಿತ್ತು. ಕುರ್ಚಿಗಳ ಬದಲು ಗೋಡೆಗೊಂದು ಕ್ಯಾಮೆರಾ, ಅದರ ಕೆಳಗೊಂದು ಸ್ಪೀಕರು ಬಂದಿದ್ದವು. ಅವರು ತಮ್ಮ ರೂಮಿನಲ್ಲಿ ಕೂತು ನಮ್ಮನ್ನು ನೋಡುತ್ತಿದ್ದರು, ಅವರ ಕುರ್ಚಿಗೆ ಚಕ್ರಗಳೂ ಇದ್ದವು. ಜೊತೆಗೆ ನಮಗೆಲ್ಲ ಸೀರೆಯ ಮೇಲೆ ತೊಡಲು ನೀಲಿ ಕೋಟು ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಸೆರಗು ಕೋಟಿನೊಳಗೇ ಇರಬೇಕು ಅನ್ನುವುದು ಕಟ್ಟಪ್ಪಣೆ.

ಸಂಜೆಯಾದರೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪು. ಪೆನ್ಸಿಲ್ ಮುರಿದದ್ದಕ್ಕೂ ಮಿಸ್ ಜವಾಬ್ದಾರಿ, ಟಿಫನ್ ಬಾಕ್ಸಿನ ಮುಚ್ಚಳಕ್ಕೂ ಮಿಸ್ ಜವಾಬ್ದಾರಿ. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟುಕೊಂಡು ನಾನು ಸಾರಿ ಸಾರಿ ಎಂದು ಟೈಪು ಮಾಡುತ್ತಿದ್ದೆ. ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಕೋಟು ಬಿಚ್ಚಿ ಕಿಟಕಿಗೆ ನೇತುಹಾಕಿ ಹೋದವರು ವಾಪಸು ಬರಲೇ ಇಲ್ಲ. ಈಗ ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿದ್ದಾರೆ. "ಎಳ್ನೀರು ವಾಸಿ ಕಣಮ್ಮ, ಗ್ರೂಪಲ್ಲಿ ದೂರು ಹಾಕಲ್ಲ" ಅನ್ನುತ್ತಾರೆ. ಅವರು ಭಾಗಾಕಾರ ಹೇಳಿಕೊಟ್ಟರೆ ಪಕ್ಕದ ಕ್ಲಾಸಿನಲ್ಲಿದ್ದ ನನಗೂ ಖುಷಿಯಾಗುತ್ತಿತ್ತು. ಅಂಥವರನ್ನು ಕಳೆದುಕೊಂಡದ್ದು ಯಾರಿಗೂ ನಷ್ಟ ಅನ್ನಿಸಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಬಾಯಿ ಬಿಡದ ಹುಡುಗಿ ನನ್ನ ಕ್ಲಾಸಿಗೇ ಬಂದಳು. ಅವಳಿಗಾಗಿ ಕೋಟಿನ ಅಡಿಯಿಂದ ಸೆರಗಿನ ತುದಿಯನ್ನು ಇಷ್ಟೇ ಇಷ್ಟು ಹೊರಗೆ ಬಿಟ್ಟಿದ್ದೆ. ಉಳಿದ ಮಕ್ಕಳೆಲ್ಲ ಸೆರಗು ಬಿಟ್ಟು ಆಟಕ್ಕೆ ಹೋದ ಮೇಲೂ ಅವಳು ಬಿಡಲಿಲ್ಲ. ಆಷಾಢದ ಗಾಳಿ ಶುರುವಾದರೂ ಹಿಡಿದೇ ಇದ್ದಳು. ಅವಸರಪಡಿಸಲು ನನಗೆ ಮನಸ್ಸಾಗಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನಿಂದ ಒಂದು ಸಣ್ಣ ದನಿ, "ಮಿಸ್, ನಂಗೂ ಬರ್ಸಿ" ಅಂದಿತು. ತಿರುಗಿ ನೋಡಿದರೆ ಇವಳೇ. ಇಡೀ ಕ್ಲಾಸು ಬಾಯಿ ತೆರೆದು ನೋಡಿತು. ನನಗಾದ ಸಂತೋಷಕ್ಕೆ ಕ್ಯಾಮೆರಾ ಇರುವುದೇ ಮರೆತುಹೋಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ಸ್ಲೇಟಿನ ಮೇಲೆ ತಿದ್ದಿಸತೊಡಗಿದೆ. ಅವಳ ಇನ್ನೊಂದು ಕೈ ಸೆರಗಿನಲ್ಲೇ ಇತ್ತು.

ಆಗ ಸ್ಪೀಕರು ಗರ್ ಎಂದಿತು. "ಫಸ್ಟ್ ಸ್ಟ್ಯಾಂಡರ್ಡ್ ಮಿಸ್, ಯಾಕ್ರೀ ಕೂತಿದ್ದೀರಾ? ಎದ್ದು ನಿಂತ್ಕೊಳ್ಳಿ."

ಮಕ್ಕಳೆಲ್ಲ ಧಡಕ್ಕನೆ ಎದ್ದು ನಿಂತವು. ಬೈದದ್ದು ತಮಗೇ ಎಂದುಕೊಂಡಿದ್ದವು ಪಾಪ. ತೊಡೆಯ ಮೇಲಿದ್ದವಳು ಬೆಚ್ಚಿ ಸೆರಗು ಬಿಟ್ಟು ಗೋಡೆಗೆ ಒತ್ತಿಕೊಂಡಳು. ನಾನು ಎದ್ದು ನಿಂತೆ. ಅಷ್ಟರಲ್ಲಿ ಆಯಾ ಬಂದು, ಆಫೀಸಿಗೆ ಕರೀತಾರೆ ಎಂದಳು. ಅಲ್ಲಿ ಒಂದು ಬಿಳಿ ಹಾಳೆ ಮುಂದಿಟ್ಟು, ತಪ್ಪಾಯ್ತು ಎಂದು ಬರೆದುಕೊಡಲು ಹೇಳಿದರು. ಬರೆದಿದ್ದರೆ ಮುಗಿಯುತ್ತಿತ್ತು. ಎಷ್ಟೋ ಸಾರಿ ಎಷ್ಟೋ ಮಾತು ನುಂಗಿದ್ದವಳು ನಾನು. ಆದರೆ ಮಗುವಿನ ಪಕ್ಕ ಕೂತದ್ದಕ್ಕೆ ತಪ್ಪಾಯ್ತು ಎಂದು ಬರೆಯಲು ಕೈ ಬರಲಿಲ್ಲ. ಕೋಟು ತೆಗೆದು ಆ ಹಾಳೆಯ ಮೇಲೇ ಇಟ್ಟೆ. ಒಂದು ಸಾರಿ ಕ್ಲಾಸಿಗೆ ಹೋಗಿ ಬರುತ್ತೇನೆ ಎಂದು ಕೇಳಿದೆ. ಬೇಡ, ಮಕ್ಕಳು ಡಿಸ್ಟರ್ಬ್ ಆಗ್ತಾರೆ ಎಂದರು.

"ಓಗ್ಲಿ ಬುಡು ಕಣವ್ವ. ಕಾಲು ನೋಡು, ಊದ್ಕಂಡು ಕುಂಬ್ಳಕಾಯಿ ಆಗವೆ" ಎಂದು ಅತ್ತೆ ಆ ರಾತ್ರಿ ಬಿಸಿನೀರು ಕಾಯಿಸಿಕೊಟ್ಟರು. ಮಕ್ಕಳಿಗೆ ಏನೆಂದು ಹೇಳಿರುತ್ತಾರೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಆ ಹುಡುಗಿ ಬಾಯಿ ಬಿಟ್ಟ ದಿನವೇ ನಾನು ಹೇಳದೆ ಕೇಳದೆ ಹೊರಟುಬಂದಿದ್ದೆ. ಮಾರನೆಯ ಬೆಳಗ್ಗೆ ಅವಳು ಯಾರ ಸೆರಗು ಹಿಡಿದಳೋ.

ಆಮೇಲೆ ಮಳವಳ್ಳಿಯ ಒಂದು ಶಾಲೆಯಲ್ಲಿ ಕೆಲಸ ಖಾಲಿ ಇದೆ ಎಂದರು, ಹೋದೆ. ಕಾಯುತ್ತಾ ನಿಂತಿದ್ದಾಗ ಕಿಟಕಿಯಿಂದ ಒಂದನೇ ಕ್ಲಾಸು ಕಂಡಿತು. ಒಬ್ಬಳು ಚಿಕ್ಕ ವಯಸ್ಸಿನ ಮಿಸ್ ಗೋಡೆಗೆ ಒರಗಿ, ಒಂದು ಕಾಲನ್ನು ಇನ್ನೊಂದರ ಮೇಲಿಟ್ಟು ಮಗ್ಗಿ ಹೇಳಿಸುತ್ತಿದ್ದಳು. ಅಲ್ಲೂ ಕುರ್ಚಿ ಇರಲಿಲ್ಲ. ಬಸ್ಸು ಹತ್ತಿ ವಾಪಸು ಬಂದೆ.

ಈಗ ನಾನು ಮಂಡ್ಯದ ಒಂದು ಜವಳಿ ಅಂಗಡಿಯಲ್ಲಿದ್ದೇನೆ. ಬಿಳಿ ಗಾದಿಯ ಮೇಲೆ ಕೂತು ಸೀರೆ ಬಿಡಿಸಿ ತೋರಿಸುವ ಕೆಲಸ. ಕಾಲು ಊದುವುದಿಲ್ಲ. ಮಾಲೀಕರು ಮರ್ಯಾದೆಯಿಂದ ಮಾತಾಡಿಸುತ್ತಾರೆ. ದೂರುವಂಥದ್ದು ಏನೂ ಇಲ್ಲ. ಆದರೂ ಬೆಳಗ್ಗೆ ರಸ್ತೆಯಲ್ಲಿ ಶಾಲೆಯ ವ್ಯಾನು ಹೋದರೆ ಕೈಯಲ್ಲಿರುವ ಸೀರೆಯ ಮಡಿಕೆ ತಪ್ಪುತ್ತದೆ. ಅಳುವ ಮಗುವಿನ ದನಿ ಕೇಳಿದರೆ ಎದ್ದೇ ಬಿಡುತ್ತೇನೆ.

ಹೋದ ಮದುವೆ ಸೀಸನ್ನಿನಲ್ಲಿ ಒಬ್ಬ ಹೆಂಗಸು ಮಗಳ ಜೊತೆ ಬಂದಳು. ನನ್ನ ಮುಖ ನೋಡಿದವಳೇ, "ಅಯ್ಯೋ, ನಮ್ ಮಿಸ್ಸಲ್ವಾ ನೀವು!" ಎಂದಳು. ಶಿವಪುರದ ಆಚೆಯ ಅದೇ ತಾಯಿ. ಹುಡುಗಿ ಒಂದು ಗೇಣು ಉದ್ದ ಬೆಳೆದುಬಿಟ್ಟಿದ್ದಳು. ಅಮ್ಮನ ಹಿಂದೆ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಗಾದಿಯನ್ನೂ ನೋಡಿ, "ಇಲ್ಲಿ ಕೂತ್ರೆ ಬೈಯಲ್ವಾ ಮಿಸ್?" ಎಂದು ಕೇಳಿದಳು.

"ಇಲ್ಲ ಪುಟ್ಟಿ, ಬೈಯಲ್ಲ. ಬಾ ಕೂತ್ಕೋ" ಎಂದೆ.

ತಾಯಿ ಸೀರೆಗಳ ಮೇಲೆ ಕಣ್ಣಾಡಿಸುತ್ತಲೇ ಹೇಳಿದಳು. "ನೀವು ಬುಟ್ಟೋದ ಮೇಲೆ ಇವ್ಳು ಏನು ರಂಪ ಮಾಡುದ್ಲು ಅಂತೀರಿ ಮಿಸ್ಸು. ನಾನು ಸೆರ್ಗು ಬುಟ್ಬುಟ್ಟೆ, ಅದ್ಕೇ ಮಿಸ್ಸು ಕಳ್ದೋದ್ರು ಅಂತ ಒಂದೇ ಸಮ್ನೆ ಅಳೋದು. ನಂಗೆ ತಲೆಬುಡ ಅರ್ಥ ಆಗ್ನಿಲ್ಲ."

ನನಗೆ ಅರ್ಥವಾಯಿತು. ಅವರ ಮುಂದೆ ಯಾವ ಸೀರೆ ಬಿಡಿಸಿದೆನೋ, ಯಾವ ಬೆಲೆ ಹೇಳಿದೆನೋ ನೆನಪಿಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಅವಳು ಪಕ್ಕದಲ್ಲಿ ಕೂತು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ವ್ಯಾಪಾರ ಮುಗಿಯುವ ತನಕ ಹಿಡಿದೇ ಇದ್ದಳು. ಹೊರಡುವಾಗ ತಾಯಿ ಕೈಚೀಲ ಎತ್ತಿಕೊಂಡು, "ಬಾ, ಬಸ್ಸು ತಪ್ಪೋಯ್ತದೆ" ಎಂದು ಕರೆದಳು. ಅವಳು ಎದ್ದಳು, ಮುಷ್ಟಿ ಸಡಿಲಿಸಲಿಲ್ಲ.

"ಈಗ ಬಿಡ್ಲಾ ಮಿಸ್?" ಎಂದಳು.

ಬಿಡು ಎನ್ನಲು ನನಗೆ ತುಂಬ ಹೊತ್ತು ಹಿಡಿಯಿತು.