ಫ್ಯಾನಿಲ್ಲದ ಪೆಟ್ಟಿಗೆಯ ವೀರಬಸಪ್ಪನವರು
ವಿದ್ಯಾರಣ್ಯಪುರದ ನಮ್ಮ ಎದುರುಮನೆಯ ವೀರಬಸಪ್ಪನವರಿಗೆ ಯಾವ ಕಂಪ್ಯೂಟರು ಕಂಡರೂ ದೊಡ್ಡದೆನಿಸುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಬಂದವರೇ ಬುತ್ತಿ ಡಬ್ಬಿಯಂಥ ಪೆಟ್ಟಿಗೆಯೊಳಗೆ ಇಡೀ ಡೆಸ್ಕ್‌ಟಾಪನ್ನು ಕೂರಿಸಲು ತೊಡಗುತ್ತಾರೆ. ಒಂದು ವೈರನ್ನು ಮಡಿಸಲು ಅವರು ಮಾಡುವಷ್ಟು ಯೋಚನೆಯಲ್ಲಿ ಬೇರೆಯವರು ಮನೆಯನ್ನೇ ಕಟ್ಟಿಸಿಯಾರು. ಜೋಡಿಸಿದ ಮೇಲೆ ಊದುಬತ್ತಿ ಹಚ್ಚಿ ಪೆಟ್ಟಿಗೆಯ ಕಿಂಡಿಗಳ ಬಳಿ ಹಿಡಿಯುತ್ತಾರೆ. ಪೂಜೆಯೆಂದು ಕೈಮುಗಿದವರೂ ಇದ್ದಾರೆ. ಆದರೆ ವೀರಬಸಪ್ಪನವರು ನೋಡುವುದು ಗಾಳಿ ಎಲ್ಲಿ ಒಳಹೋಗಿ ಎಲ್ಲಿ ಹೊರಬರುತ್ತದೆ ಎಂಬುದನ್ನು. "ಸಣ್ಣದೂ ಇರ್ಬೇಕು, ಜೋರಾಗೂ ಓಡ್ಬೇಕು, ಸಪ್ಪಳಾನೂ ಮಾಡ್ಬಾರ್ದು ಅಂದ್ರ ಹ್ಯಾಂಗ್ರಿ? ಮೂರರಾಗ ಒಂದು ಬಿಡ್ರಿ," ಎಂಬುದು ತಮಗೂ ಒಂದು ಕಟ್ಟಿಕೊಡಿ ಎಂದು ಕೇಳಿ ಬಂದವರಿಗೆಲ್ಲ ಅವರ ಉತ್ತರ. "ನೀವೇನ್ ಬಿಟ್ರಿ ಸಾರ್?" ಎಂದು ಮಹಡಿಮನೆಯ ಶಿವರಾಮ್ ಕೆಣಕಿದರೆ ಸಾಕು, ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಅವರ ಹೆಂಡತಿ ದಾಕ್ಷಾಯಣಿ ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ಗಂಡನೇ ಕಟ್ಟಿಕೊಟ್ಟ ಮೊದಲ ಕಂಪ್ಯೂಟರಿನ ಫ್ಯಾನು ಗೊರಗೊರ ಎಂದು ಅವರ ಓದಿನೊಳಗೆ ಸೇರಿಕೊಂಡು, ಇಡೀ ವಿಜ್ಞಾನ ಪುಸ್ತಕದ ಧ್ವನಿಮುದ್ರಣ ವಾಪಸು ಬಂದಿತ್ತು. ಈಗಿನ ಪೆಟ್ಟಿಗೆಯಲ್ಲಿ ಫ್ಯಾನೇ ಇಲ್ಲ. ಅದರ ಅಲ್ಯುಮಿನಿಯಂ ಮೈಯೇ ಬಿಸಿಯನ್ನು ಹೊರಹಾಕುತ್ತದೆ. "ವೇಗ ಬಿಟ್ಟೀನ್ರಿ. ಇಷ್ಟು ನಿಧಾನದ್ದು ಈ ಓಣ್ಯಾಗ ಇನ್ನೊಂದಿಲ್ಲ," ಎಂದು ಎದೆಯುಬ್ಬಿಸಿ, ಹೆಂಡತಿಯ ಹೊಸ ಪಾಠವೊಂದನ್ನು ಹಾಕುತ್ತಾರೆ. ಎಲೆಗಳು ಉಸಿರಾಡುವ ಬಗೆಯನ್ನು ದಾಕ್ಷಾಯಣಿ ಓದುತ್ತಿರುವಂತೆ ವೀರಬಸಪ್ಪನವರ ಬೆರಳು ಮೇಲೇಳುತ್ತದೆ: "ಈಗ ಬರ್ತದ, ಕೇಳ್ರಿ." ಮಾತು ನಿಲ್ಲುತ್ತದೆ, ಆ ಮೌನದಲ್ಲಿ ದಾಕ್ಷಾಯಣಿ ಪುಟ ತಿರುವಿದ ಸದ್ದು ಕೇಳಿಸುತ್ತದೆ.