ನೋರಾ ಪೆಂಡಲ್ ಎಂಬ ಹೆಸರು

ಪ್ರತಿದಿನ ಬೆಳಿಗ್ಗೆ ಏಳೂವರೆಗೆ ನೋರಾ ಪೆಂಡಲ್ ಬಾಟಲಿಯ ಬಿರಡೆಯೊಂದನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಪತ್ರಿಕೆಯ ನಿಧನ ವಾರ್ತೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಬಾಯಲ್ಲಿ ಬಿರಡೆ ಇದ್ದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಬೇಕು, ನಾಲಿಗೆ ಜಡವಾಗಬಾರದು. ಜ್ವರ ಬಂದ ದಿನವೂ ತಪ್ಪಲಿಲ್ಲ. ಗಂಡ ಲೆನ್ ತೀರಿಕೊಂಡ ಮರುದಿನವೂ ತಪ್ಪಲಿಲ್ಲ. ಕೆಳಗಿನ ಮನೆಯಲ್ಲಿ ಅದು ನನ್ನ ಪ್ರಾರ್ಥನೆಯ ಹೊತ್ತು. ಮೇಲಿಂದ ಇಳಿದು ಬರುವ ಸತ್ತವರ ಹೆಸರುಗಳನ್ನು ನಾನು ದೇವರ ಮುಂದಿಟ್ಟು ಎರಡು ಮಾತು ಕೇಳಿಕೊಳ್ಳುತ್ತಿದ್ದೆ. ಗುರುತಿಲ್ಲದವರಿಗಾಗಿ ಪ್ರಾರ್ಥಿಸುವುದನ್ನು ಕಲಿತದ್ದು ಹಾಗೆ.

ಲಂಡನ್ ಪಕ್ಕದ ಬೋರಂವುಡ್‌ನ ನಮ್ಮ ಬೀದಿಯಲ್ಲಿ ಅರ್ಧ ಜನ ಸಿನಿಮಾ ಸ್ಟುಡಿಯೋಗಳಲ್ಲಿ ದುಡಿದವರೇ. ಬಡಗಿಗಳು, ದೀಪದವರು, ಬಟ್ಟೆ ಹೊಲಿಯುವವರು. ಆದರೆ ತೆರೆಯ ಮೇಲೆ ಮುಖ ಕಾಣಿಸಿಕೊಂಡದ್ದು ನೋರಾ ಒಬ್ಬರದ್ದೇ.

ಅವರು ಹುಟ್ಟಿದ್ದು ಇಂಗ್ಲೆಂಡಿನ ಉತ್ತರದಲ್ಲಿ, ಪೆಂಡಲ್ ಗುಡ್ಡದ ಕೆಳಗಿನ ಗಿರಣಿ ಊರಿನಲ್ಲಿ. ತಾಯಿ ಮಗ್ಗದ ಕೆಲಸದವಳು. ಮಗ್ಗಗಳ ಅಬ್ಬರದಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಕೇಳದು. ಅದಕ್ಕೇ ಅಲ್ಲಿಯ ಹೆಂಗಸರು ತುಟಿಯಲ್ಲೇ, ಹುಬ್ಬಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಯಾರ ಬಸಿರು, ಯಾರ ಜಗಳ, ಎಲ್ಲವೂ ಸದ್ದಿಲ್ಲದೆ ಇಡೀ ಗಿರಣಿಯನ್ನು ಸುತ್ತಿ ಬರುತ್ತಿತ್ತು. "ನಾನು ನಟನೆ ಕಲಿತದ್ದು ಅಮ್ಮನ ತುಟಿ ನೋಡಿ" ಎನ್ನುತ್ತಿದ್ದರು.

ಹತ್ತೊಂಬತ್ತನೇ ವಯಸ್ಸಿಗೆ ಲಂಡನ್ನಿಗೆ ಬಂದಾಗ ಅವರು ನೋರಾ ಎಂಟ್‌ವಿಸಲ್. ನಟರ ಸಂಘದಲ್ಲಿ ಆ ಹೆಸರಿನವಳು ಆಗಲೇ ಒಬ್ಬಳಿದ್ದಳು. ಒಂದೇ ಹೆಸರಿನ ಇಬ್ಬರು ನಟಿಯರು ಇರಕೂಡದೆಂಬುದು ಸಂಘದ ಕಟ್ಟಳೆ. ಹಾಗಾಗಿ ತನ್ನೂರಿನ ಗುಡ್ಡದ ಹೆಸರನ್ನೇ ಇಟ್ಟುಕೊಂಡರು.

ಆ ಹೆಸರು ಪೋಸ್ಟರುಗಳಲ್ಲಿ ಎಂದೂ ದೊಡ್ಡದಾಗಿ ಬರಲಿಲ್ಲ. ಅವರು ನರ್ಸ್ ಆದರು. ಹೆಂಡದಂಗಡಿಯ ಹೆಂಗಸಾದರು. ಪೊಲೀಸರು ಬಂದಾಗ ಬಾಗಿಲು ತೆಗೆದು 'ಅವರು ಮನೆಯಲ್ಲಿಲ್ಲ' ಎನ್ನುವ ಮನೆಯೊಡತಿ ಎಷ್ಟು ಸಲ ಆದರೋ ಲೆಕ್ಕವಿಲ್ಲ. ಎರಡು ಬಾರಿ ಹೆಣವಾದರು. ಐವತ್ತರ ಹತ್ತಿರ ಬಂದಾಗ ಅದೃಷ್ಟ ಕಣ್ಣು ಬಿಟ್ಟಿತು. ವಾರಕ್ಕೆರಡು ಸಲ ಬರುವ ಟಿವಿ ಧಾರಾವಾಹಿಯೊಂದರಲ್ಲಿ ಬಟ್ಟೆ ಒಗೆಯುವ ಅಂಗಡಿಯ ಬೆರಿಲ್ ಆಗಿ ಆರು ವರ್ಷ ಮನೆಮನೆಗೂ ಬಂದರು. ಆಮೇಲೆ ಬರೆಯುವವರಿಗೆ ಬೇಸರ ಬಂದು, ಬೆರಿಲ್ ಹಾಲಿನ ಗಾಡಿಗೆ ಸಿಕ್ಕಿ ಸತ್ತಳು.

ಕಸಾಯಿ ಅಂಗಡಿಯ ಸ್ಟಬ್ಸ್ ಈಗಲೂ ಬಿಡುತ್ತಿರಲಿಲ್ಲ. "ಏನ್ ಬೆರಿಲಮ್ಮಾ, ಸತ್ತು ಹತ್ತು ವರ್ಷ ಆಯ್ತು, ಇನ್ನೂ ಹಸಿವಾ?"

"ನಿನ್ನ ಮಾಂಸ ತಿಂದೇ ಸತ್ತದ್ದು ಕಣಯ್ಯಾ. ಹಾಲಿನ ಗಾಡಿ ಮೇಲೆ ಸುಮ್ನೆ ಹೊರಿಸಿದ್ರು" ಎಂದು ನೋರಾ ತಿರುಗಿ ಹೇಳುತ್ತಿದ್ದರು. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಹೊರಗೆ ಬಂದ ಮೇಲೆ ಅವರ ಮುಖ ಹೇಗಾಗುತ್ತಿತ್ತೆಂಬುದನ್ನು ಜೊತೆಯಲ್ಲಿರುತ್ತಿದ್ದ ನಾನು ಬಲ್ಲೆ.

ಬೆರಿಲ್ ಸತ್ತ ವರ್ಷವೇ ಲೆನ್‌ಗೆ ಪಾರ್ಶ್ವವಾಯು ಬಡಿಯಿತು. ಹನ್ನೊಂದು ವರ್ಷ ನೋರಾ ಅವನನ್ನು ಎತ್ತಿ ಕೂರಿಸಿದರು, ಒರೆಸಿದರು, ತಿನ್ನಿಸಿದರು. ಮೊದಲ ವರ್ಷದಲ್ಲೇ ಸಂಘದಿಂದ ಒಂದು ಅರ್ಜಿ ಬಂದಿತ್ತು. ಸದ್ಯಕ್ಕೆ ನಟನೆ ನಿಲ್ಲಿಸಿದ್ದೇನೆ ಎಂದು ಬರೆದು ಸಹಿ ಹಾಕಿದರೆ ಹೆಸರನ್ನು ಹಾಗೇ ಕಾದಿರಿಸುತ್ತಿದ್ದರು. ನೋರಾ ಸಹಿ ಹಾಕಲಿಲ್ಲ. ಈ ಕಸುಬಿನವರು ಕೆಲಸವಿಲ್ಲದೆ ಇಪ್ಪತ್ತು ವರ್ಷ ಕೂತರೂ 'ವಿಶ್ರಾಂತಿಯಲ್ಲಿದ್ದೇನೆ' ಎನ್ನುತ್ತಾರೆಯೇ ಹೊರತು 'ನಿಲ್ಲಿಸಿದ್ದೇನೆ' ಎನ್ನುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದವಳಿಗೆ ಮತ್ತೆ ಕರೆ ಬರುವುದಿಲ್ಲವೆಂದು ಅವರ ನಂಬಿಕೆ. ಅರ್ಜಿ ಮೇಜಿನ ಖಾನೆ ಸೇರಿತು. ಚಂದಾ ಕಟ್ಟದೆ ಸದಸ್ಯತ್ವ ತಾನಾಗಿಯೇ ಬಿದ್ದುಹೋಯಿತು. ಯಾರೂ ಗಮನಿಸಲಿಲ್ಲ.

ಲೆನ್ ಚಳಿಗಾಲದಲ್ಲಿ ಹೋದ. ಮಾರ್ಚ್ ತಿಂಗಳ ಒಂದು ಸೋಮವಾರ ನೋರಾ ಮೆಟ್ಟಿಲಿಳಿದು ಬಂದದ್ದು ಅರವತ್ತಾರರ ಕಾಲಲ್ಲಿ ಅಲ್ಲ, ಹುಡುಗಿಯ ಕಾಲಲ್ಲಿ.

"ಗ್ಲೆನಿಸ್! ಪಾತ್ರ ಬಂತು ಕಣೇ! ಸಿನಿಮಾ! ಸಾಯೋ ಅಜ್ಜಿ. ಆದ್ರೆ ಸಾಯೋಕೆ ಮುಂಚೆ ಮೂರು ಪುಟ ಮಾತಿದೆ!"

ನಿರ್ದೇಶಕ ಚಿಕ್ಕಂದಿನಲ್ಲಿ ತನ್ನ ತಾಯಿಯ ಪಕ್ಕ ಕೂತು ಬೆರಿಲ್‌ಳನ್ನು ನೋಡಿದವನು. 'ನೋರಾ ಪೆಂಡಲ್ ಬದುಕಿದ್ದರೆ ಅವರೇ ಬೇಕು' ಎಂದು ಹೇಳಿ ಕಳಿಸಿದ್ದನಂತೆ. ಅವರ ಹಳೆಯ ಏಜೆಂಟ್ ಬರ್ನಾರ್ಡ್ ಟೂಕ್, ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಂದದ ಕಾಗದ ಕಳಿಸಬೇಕು ಎಂದಿದ್ದರು.

ಮಂಗಳವಾರ ಸಂಜೆ ಬರ್ನಾರ್ಡ್ ಖುದ್ದಾಗಿ ಬಂದರು. ಟೋಪಿ ತೆಗೆಯಲೂ ಇಲ್ಲ.

"ನೋರಾ, ಸಂಘದಲ್ಲಿ ವಿಚಾರಿಸ್ದೆ. ನಿಮ್ಮ ಹೆಸರು ಹೋಗಿದೆ."

"ಎಲ್ಲಿಗೆ ಹೋಗಿದೆ?"

"ಇನ್ನೊಬ್ಳಿಗೆ. ಇಪ್ಪತ್ತಾರು ವಯಸ್ಸಿನ ಹುಡುಗಿ. ನೋರಾ ಪೆಂಡಲ್. ಹುಟ್ಟಿದಾಗ ಅಪ್ಪ ಅಮ್ಮ ಇಟ್ಟ ಹೆಸರೇ ಅದು. ನಾಲ್ಕು ವರ್ಷದ ಹಿಂದೆ ಸಂಘ ಸೇರಿದ್ದಾಳೆ. ಆಗ ಹೆಸರು ಖಾಲಿ ಇತ್ತು."

"ಖಾಲಿ ಇತ್ತಾ? ನಾನು ಅದ್ರೊಳಗೇ ಇದ್ನಲ್ಲ ಬರ್ನಾರ್ಡ್!"

"ಬೇರೆ ಹೆಸರಲ್ಲಿ ಮಾಡ್ತಾರೆ ಅಂತ ಹೇಳಿ ನೋಡ್ದೆ. ನಿರ್ದೇಶಕ ಒಪ್ಪಲಿಲ್ಲ. ಅವನಿಗೆ ದುಡ್ಡು ಹಾಕೋರಿಗೆ ಬೆರಿಲ್ ಮಾಡಿದ ನೋರಾ ಪೆಂಡಲ್ ಅಂತ ಪೋಸ್ಟರಿನಲ್ಲಿ ಬೇಕಂತೆ. ಇಲ್ಲಾಂದ್ರೆ ಬೇರೆ ಅಜ್ಜಿ ಇದ್ದಾರಂತೆ."

ನೋರಾ ಬರ್ನಾರ್ಡ್ ತೋಳು ಹಿಡಿದುಕೊಂಡರು. "ಆ ಹುಡುಗಿ ಹತ್ರ ಹೋಗಿ. ಬೇಡ್ಕೊಳ್ಳಿ. ನನ್ನ ಹೆಸರು ಹೇಳಿ ಬೇಡ್ಕೊಳ್ಳಿ."

"ಯಾವ ಹೆಸರು ಹೇಳ್ಲಿ?" ಎಂದರು ಬರ್ನಾರ್ಡ್. ಅದು ಕುಹಕವಲ್ಲ. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ.

ಬುಧವಾರ ನೋರಾ ಸಂಘದ ಕಚೇರಿಯ ಬೆಂಚಿನ ಮೇಲೆ ಮೂರು ಗಂಟೆ ಕೂತು ಬಂದರು. ಅಲ್ಲಿಯವರು ಚಹಾ ಕೊಟ್ಟರಂತೆ, ನಯವಾಗಿ ಮಾತಾಡಿಸಿದರಂತೆ. ಆ ಹುಡುಗಿ ತಾನಾಗಿ ಬರೆದುಕೊಟ್ಟರೆ ಮಾತ್ರ ಆದೀತು ಎಂದರಂತೆ. ಗುರುವಾರ ಅವರು ಏನೂ ತಿನ್ನಲಿಲ್ಲ. ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ತಲೆ ಬಾಚಿಕೊಳ್ಳದೆ ಕೂತು ಕೇಳಿದರು.

"ನಿನ್ನ ದೇವರು ನನ್ನನ್ನ ಯಾವ ಹೆಸರಲ್ಲಿ ಕರೀತಾನೆ ಗ್ಲೆನಿಸ್? ಎಂಟ್‌ವಿಸಲ್ ಅಂತಾನಾ? ಆ ಹೆಸರಲ್ಲಿ ನಾನು ಏನೂ ಮಾಡಿಲ್ಲ. ಲೆನ್ ಮದುವೆಯಾದದ್ದು ಪೆಂಡಲ್‌ನ. ಕಡೇ ವರ್ಷ ಅವನಿಗೆ ಬಾಯಲ್ಲಿ ಬರ್ತಿದ್ದ ಒಂದೇ ಪದ ಅದು. ನೋರಾ ಅನ್ನೋಕೆ ಆಗ್ತಿರ್ಲಿಲ್ಲ, ಪೆನ್, ಪೆನ್ ಅಂತಿದ್ದ."

ಅವರ ಕೈ ಹಿಡಿದುಕೊಂಡು ಕೂತೆ. ಅಷ್ಟು ತಣ್ಣಗಿನ ಕೈಯನ್ನು ನಾನು ಚರ್ಚಿನವರೊಡನೆ ಹೋಗಿ ಶವಕ್ಕೆ ಬಟ್ಟೆ ತೊಡಿಸುವಾಗ ಮಾತ್ರ ಮುಟ್ಟಿದ್ದೇನೆ.

ಸಂಜೆ ಬರ್ನಾರ್ಡ್ ಫೋನ್ ಮಾಡಿದರು. ಹುಡುಗಿ ಒಪ್ಪಿದ್ದಾಳೆ, ಪತ್ರ ಹಿಡಿದುಕೊಂಡು ನಾಳೆ ಅವಳೇ ಬರುತ್ತಾಳೆ ಎಂದರು.

ಶುಕ್ರವಾರ ಹನ್ನೊಂದು ಗಂಟೆಗೆ ಬಂದಳು. ಉದ್ದನೆಯ ಕೋಟು, ಮೂಗಿನ ತುದಿ ಚಳಿಗೆ ಕೆಂಪು. ಒಬ್ಬರೇ ಇರಲು ಹೆದರಿ ನೋರಾ ನನ್ನನ್ನೂ ಮೇಲೆ ಕೂರಿಸಿಕೊಂಡಿದ್ದರು.

"ನಮಸ್ಕಾರ, ಮಿಸ್..." ಎಂದವಳು ಮುಂದೆ ಹೇಳಲಾಗದೆ ನಿಂತಳು. ಇಬ್ಬರೂ ಒಮ್ಮೆಗೇ ನಕ್ಕರು. ನಾಲ್ಕು ದಿನಗಳಲ್ಲಿ ನೋರಾ ನಕ್ಕದ್ದು ಅದೊಂದೇ ಸಲ.

ಒಳ್ಳೆಯ ಹುಡುಗಿ. ಚೀಲದಿಂದ ರಬ್ಬರ್ ಹಾಕಿದ ಪತ್ರಗಳ ಕಟ್ಟು ತೆಗೆದಳು. "ಇವೆಲ್ಲ ನಿಮಗೆ ಬಂದದ್ದು ಮೇಡಂ. ದಾರಿ ತಪ್ಪಿ ನನಗೆ ಬಂದ್ವು. ಹಲ್ ಊರಿನ ಒಬ್ರು ಅಜ್ಜಿ ಪ್ರತಿ ಕ್ರಿಸ್‌ಮಸ್‌ಗೂ ಬರೀತಾರೆ. ಬೆರಿಲ್ ಸತ್ತದ್ದನ್ನ ಅವರು ಇನ್ನೂ ಒಪ್ಪಿಲ್ಲ. ನಾನು ನಿಮ್ಮ ಪರವಾಗಿ ಉತ್ತರ ಬರೆದುಬಿಟ್ಟೆ. ತಪ್ಪಾಯ್ತಾ?"

"ಏನಂತ ಬರ್ದೆ?"

"ಚೆನ್ನಾಗಿದ್ದೀನಿ ಅಂತ."

ನೋರಾ ಕಣ್ಣು ಒರೆಸಿಕೊಂಡರು. ಹುಡುಗಿ ಪತ್ರವನ್ನು ಮೇಜಿನ ಮೇಲಿಟ್ಟಳು. ಅವಳ ಏಜೆಂಟ್ ಟೈಪ್ ಮಾಡಿಸಿದ್ದು. ಕೆಳಗೆ ದುಂಡಗೆ ಅವಳ ಸಹಿ: ನೋರಾ ಪೆಂಡಲ್. ನೋರಾ ಕನ್ನಡಕ ಹಾಕಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬೆರಳು ಒಂದು ಕಡೆ ನಿಂತಿತು. ಅದನ್ನು ಗಟ್ಟಿಯಾಗಿ ಓದಿದರು.

"'ಸದರಿಯವರ ಜೀವಿತಾವಧಿಗೆ ಬಿಟ್ಟುಕೊಡಲು ಒಪ್ಪಿರುತ್ತೇನೆ. ತದನಂತರ ಹೆಸರು ನನಗೆ ಮರಳತಕ್ಕದ್ದು.'"

"ಅದು ಸುಮ್ನೆ ಕಾಗದದ ಭಾಷೆ ಮೇಡಂ" ಎಂದಳು ಹುಡುಗಿ, ಅವರನ್ನು ಸಮಾಧಾನ ಮಾಡುವ ಆತುರದಲ್ಲಿ. "ನನಗೇನೂ ಕಷ್ಟ ಇಲ್ಲ. ಅಲ್ಲೀವರೆಗೆ ನನ್ನ ಹೆಸರಿನ ನಡುವೆ ಒಂದು ಅಕ್ಷರ ಸೇರಿಸ್ಕೊಳ್ತೀನಿ. ಎಷ್ಟು ವರ್ಷದ ಮಾತು ಹೇಳಿ! ಆಮೇಲೆ ಹೇಗೂ ನನಗೇ ಬರುತ್ತಲ್ಲ."

ಏನು ಹೇಳಿದೆನೆಂದು ಅವಳಿಗೇ ಅರಿವಾಗಿ ಕತ್ತಿನವರೆಗೂ ಕೆಂಪಾದಳು. ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಅದಕ್ಕೆ ನಾನು ಸಾಕ್ಷಿ. ಗಡಿಯಾರ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. 'ತಗೋ ನೋರಾ, ಕಣ್ಣು ಮುಚ್ಚಿಕೊಂಡು ತಗೋ' ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಫೋನ್ ರಿಂಗಾಯಿತು, ನೋರಾ ಎತ್ತಿಕೊಂಡರು. ಬರ್ನಾರ್ಡ್ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು. "ಪತ್ರ ಸಿಕ್ತಾ? ಹೂಂ ಅನ್ನಿ, ಈಗ್ಲೇ ಕಳಿಸ್ತೀನಿ!"

"ಸಿಕ್ತು ಬರ್ನಾರ್ಡ್. ಹುಡುಗಿ ಇಲ್ಲೇ ಇದ್ದಾಳೆ. ಕೊಡೋಕೆ ಅಂತಲೇ ಬಂದಿದ್ದಾಳೆ." ನೋರಾ ಮೇಜಿನ ಮೇಲಿನ ಪತ್ರದ ಕಡೆ ನೋಡಿದರು. "ಆ ಬೇರೆ ಅಜ್ಜಿನೇ ಕರ್ಸಿ ಅಂತ ಹೇಳಿಬಿಡಿ."

"ಹುಚ್ಚು ಹಿಡಿದಿದ್ಯಾ ನಿಮ್ಗೆ? ಇನ್ನೊಂದು ಪಾತ್ರ ಬರಲ್ಲ ನೋರಾ! ಇದೇ ಕಡೇದು!"

"ಗೊತ್ತು" ಎಂದು ಫೋನ್ ಇಟ್ಟರು.

ಹುಡುಗಿ ಅಳುತ್ತಾ ಎದ್ದು ನಿಂತಳು. "ಆ ಸಾಲು ಹೊಡೆದು ಹಾಕ್ತೀನಿ ಮೇಡಂ. ಪೆನ್ನು ಕೊಡಿ, ಈಗ್ಲೇ ಹೊಡೀತೀನಿ."

"ಹೊಡೆದ್ರೂ ಅದು ನಿನ್ನ ಹೆಸರೇ ಕಣಮ್ಮ. ನಾನು ಸಾಯೋದನ್ನ ಕಾಯೋ ಹೆಸರು ಹೊತ್ಕೊಂಡು ಕ್ಯಾಮೆರಾ ಮುಂದೆ ಹೇಗೆ ನಿಲ್ಲಲಿ?" ನೋರಾ ಪತ್ರವನ್ನು ನಾಲ್ಕು ಮಡಿಕೆ ಮಾಡಿದರು. ಅದನ್ನು ಹುಡುಗಿಯ ಕೋಟಿನ ಜೇಬಿಗೆ ತುರುಕಿ, ಮೇಲಿಂದ ಅಂಗೈಯಲ್ಲಿ ಒತ್ತಿದರು.

"ನಂಗೆ ಬೇಡ. ತಗೊಂಡು ಹೋಗು" ಎಂದರು.