ಮೊದಲ ಕದಿರು ಕೊಯ್ದ ಸ್ಕೌಟ್ ಹುಡುಗರು

ಪಾಣೆಮಂಗಳೂರಿನಲ್ಲಿ ನನ್ನದು ಹಳೆ ಮರದ ವ್ಯಾಪಾರ. ಕೆಡವಿದ ಮನೆಗಳ ಬಾಗಿಲು, ದಾರಂದದ ಚೌಕಟ್ಟು, ತೊಲೆಗಳನ್ನು ಕೊಂಡು ತಂದು, ಹೊಸ ಮನೆ ಕಟ್ಟುವವರಿಗೆ ಮಾರುತ್ತೇನೆ. ಬರಿಗೈಯಲ್ಲಿ ಶುರು ಮಾಡಿದವನು ನಾನು, ಬಾಯೇ ಬಂಡವಾಳ. ಆ ಬಾಯಿಯನ್ನು ನಂಬಿಯೇ ಇರಬೇಕು, ಬೆಳ್ತಂಗಡಿ ಕಡೆಯ ನಮ್ಮೂರ ಇಗರ್ಜಿಯ ಫಾದರ್ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

“ನಮ್ಮ ಸ್ಕೌಟ್ ಹುಡುಗರಿಗೆ ನೀವು ನಾಲ್ಕು ಮಾತು ಹೇಳಬೇಕು. ವಿಶ್ವಾಸವನ್ನು ಬದುಕಿ ತೋರಿಸುವುದು ಹೇಗೆ ಅಂತ.”

“ಅದು ನಿಮ್ಮ ಕೆಲಸ ಅಲ್ವಾ ಫಾದರ್?”

“ನಾನು ಹೇಳಿದರೆ ಆಕಳಿಸ್ತಾರೆ. ನೀವು ಹೇಳಿದರೆ ಏನಾದರೂ ಲಾಭ ಉಂಟಾ ಅಂತಾದರೂ ಕೇಳಿಯಾರು.”

ಮೊದಮೊದಲು ಕೇಳಿದರು. ಆಮೇಲೆ ನನ್ನ ಎದುರೇ ಕೂತು ಕೊರಳಿನ ಸ್ಕಾರ್ಫನ್ನು ಸುತ್ತುವುದು, ಬಿಚ್ಚುವುದು. ಮಕ್ಕಳೊಡನೆ ವ್ಯವಹಾರ ಇರುವ ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: ಅವರಿಗೆ ಉಪದೇಶ ಕೊಡಬೇಡಿ, ಕೆಲಸ ಕೊಡಿ. ನಾನೂ ಹಾಗೆಯೇ ಮಾಡಿದೆ. ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬ ಹತ್ತಿರ ಬಂದಿತ್ತು. ಅಂದು ಹೊಸ ಭತ್ತದ ಕದಿರನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮೀನು, ಮಾಂಸ ಇಲ್ಲದ ಅಂದಿನ ಊಟದಲ್ಲಿ ಆ ಕದಿರಿನ ಕಾಳು ಎಲ್ಲರ ಬಾಯಿಗೂ ಬೀಳಬೇಕು. ಪ್ರತಿ ವರ್ಷ ಕದಿರು ಕೊಡುತ್ತಿದ್ದ ಮನೆಯವರು ಈ ಸಲ ಗದ್ದೆಗೆ ರಬ್ಬರ್ ಹಾಕಿದ್ದರು. ಬೇರೆ ಗದ್ದೆ ಹುಡುಕುವ ಹೊಣೆ ನನ್ನ ತಲೆಗೆ ಬಂತು. ಕೊಯ್ದು ತರುವ ಹೊಣೆಯನ್ನು ನಾನು ಸ್ಕೌಟುಗಳ ತಲೆಗೆ ಹಾಕಿದೆ.

ನಾರಾವಿಯ ಹತ್ತಿರ ಗದ್ದೆ ಇರುವ ಒಬ್ಬರು ಹಿರಿಯ ಹೆಂಗಸು ನನಗೆ ಪರಿಚಯ. ಅವರ ಹಳೆ ಕೊಟ್ಟಿಗೆಯ ಮರ ಕೊಂಡದ್ದು ನಾನೇ. ಕೇಳಿದಾಗ, “ಕದಿರಿಗೆ ಕ್ರಯ ಮಾತಾಡುವುದುಂಟಾ? ಹಬ್ಬದ ಮುಂಚಿನ ದಿನ ಬೆಳಿಗ್ಗೆ ಮಕ್ಕಳನ್ನು ಕಳಿಸಿ” ಎಂದರು. ಚೌಕಾಸಿಗೆ ಜಾಗವೇ ಇಲ್ಲದ ಅಂಥ ವ್ಯವಹಾರ ನನಗೆ ಅಷ್ಟಾಗಿ ಅಭ್ಯಾಸವಿಲ್ಲ.

ಹುಡುಗರು ಹೋದ ಬೆಳಿಗ್ಗೆ ನಾನು ಮೂಡುಬಿದಿರೆಯಲ್ಲಿ ಒಂದು ಜೋಡಿ ಬಾಗಿಲು ನೋಡುತ್ತಿದ್ದೆ. ಫೋನ್ ಬಂತು. ತಂಡದ ನಾಯಕ, ಒಂಬತ್ತನೆಯ ತರಗತಿಯ ಹುಡುಗ.

“ಅಂಕಲ್, ಒಂದು ತಪ್ಪಾಯ್ತು.”

“ಕೈ ಕೊಯ್ದುಕೊಂಡ್ರಾ?”

“ಇಲ್ಲ, ಕದಿರು ಕೊಯ್ದೆವು.”

“ಕೊಯ್ಲಿಕ್ಕೇ ಅಲ್ವಾ ಮಾರಾಯ ಹೋದದ್ದು?”

“ಅಂಗಳದಲ್ಲಿ ಯಾರೂ ಇರಲಿಲ್ಲ, ಎಬ್ಬಿಸುವುದು ಬೇಡ ಅಂತ ಸೀದಾ ಗದ್ದೆಗೆ ಇಳಿದೆವು. ಈಗ ಥ್ಯಾಂಕ್ಸ್ ಹೇಳುವ ಅಂತ ಮನೆ ಹತ್ತಿರ ಬಂದರೆ ಜಗಲಿಯಲ್ಲಿ ಬಾಳೆಲೆ, ಮಾವಿನೆಲೆ, ಹಲಸಿನೆಲೆ, ಕತ್ತಿ ಎಲ್ಲ ತಯಾರು ಇಟ್ಟಿದ್ದಾರೆ. ಇವರು ಇನ್ನೂ ಕದಿರು ಕಟ್ಟಿಲ್ಲ ಅಂಕಲ್.”

ತುಳುವರ ಮನೆಗಳಲ್ಲಿ ಮೊದಲ ಹಿಡಿ ಕದಿರನ್ನು ಮನೆಯವರೇ ಕೈಮುಗಿದು ಕೊಯ್ದು, ತಲೆಯ ಮೇಲೆ ಹೊತ್ತು ತಂದು, ಎಲೆಗಳಲ್ಲಿ ಸುತ್ತಿ ಬಾಗಿಲಿಗೆ ಕಟ್ಟುತ್ತಾರೆ. ಅದಾಗುವ ತನಕ ಆ ಗದ್ದೆಗೆ ಬೇರೆ ಯಾರೂ ಕತ್ತಿ ಹಾಕುವಂತಿಲ್ಲ. ನಮ್ಮ ಹುಡುಗರ ಮನೆಗಳಲ್ಲಿ ಗದ್ದೆಯೇ ಇಲ್ಲ. ಕದಿರು ಎಂದರೆ ಇಗರ್ಜಿಯ ಪೀಠದ ಎದುರು ಬುಟ್ಟಿಯಲ್ಲಿ ಇರುವಂಥದ್ದು ಎಂದಷ್ಟೇ ಅವರಿಗೆ ಗೊತ್ತು. ಇನ್ನು ಆ ಹೆಂಗಸು ಬೇಸರದಿಂದ ಕದಿರು ಕೊಡದೆ ಹೋದರೆ ನಾಳೆ ಇಡೀ ಇಗರ್ಜಿಗೆ ಹೊಸತಿನ ಊಟವಿಲ್ಲ.

ಬಾಗಿಲಿನ ಮಾತು ಅರ್ಧಕ್ಕೇ ಬಿಟ್ಟು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಂಥ ಹೊತ್ತಿನಲ್ಲಿ ಸೀದಾ ವಿಷಯಕ್ಕೆ ಇಳಿಯಬಾರದು. ಬೇರೆ ಏನಾದರೂ ಹೊಗಳಿ, ಎದುರಿನವರ ಮುಖ ಸಡಿಲವಾದ ಮೇಲೆ ಮೆಲ್ಲಗೆ ಜಾರಿಸಬೇಕು. ಅಂಗಳಕ್ಕೆ ಕಾಲಿಟ್ಟವನೇ ಹುಡುಗರಿಗೆ ಪಿಸುಗುಟ್ಟಿದೆ: “ಯಾರೂ ಬಾಯಿ ಬಿಡಬೇಡಿ. ನಾನು ಮಾತಾಡ್ತೇನೆ.”

ಆ ಹೊತ್ತಿಗೆ ಆ ಹೆಂಗಸು ಸ್ನಾನ, ಪೂಜೆ ಮುಗಿಸಿ ಮಡಿಸೀರೆ ಉಟ್ಟು ಜಗಲಿಗೆ ಬಂದರು.

“ಅಕ್ಕ, ಈ ದಾರಂದ ಹಲಸಿನ ಮರದ್ದಾ? ಏನು ಕೆತ್ತನೆ!”

“ಮಾರಲಿಕ್ಕಿಲ್ಲ ಪೊರ್ಬುಗಳೇ” ಎಂದರು ಅವರು. ಪೊರ್ಬು ಎಂದರೆ ತುಳುವರು ಕ್ರೈಸ್ತರಾದ ನಮ್ಮನ್ನು ಕರೆಯುವ ಹೆಸರು.

ನಾನು ಇನ್ನೊಂದು ದಾರಿ ಹುಡುಕುತ್ತಿರುವಾಗಲೇ ಆ ನಾಯಕ ಹುಡುಗ ಟೋಪಿ ತೆಗೆದು ಮುಂದೆ ಬಂದ. ನಾನು ಅಂಗಿ ಹಿಡಿದು ಎಳೆದರೂ ನಿಲ್ಲಲಿಲ್ಲ.

“ಅಮ್ಮ, ನೀವು ಕೊಯ್ಯುವ ಮೊದಲೇ ನಾವು ಕೊಯ್ದೆವು. ಕ್ರಮ ಗೊತ್ತಿರಲಿಲ್ಲ. ಮೊದಲು ಕತ್ತಿ ಹಾಕಿದ್ದು ನಾನು. ಕದಿರೆಲ್ಲ ಇಲ್ಲೇ ಉಂಟು. ನೀವು ಬೇಡ ಅಂದರೆ ಇಗರ್ಜಿಗೆ ತೆಗೆದುಕೊಂಡು ಹೋಗುವುದಿಲ್ಲ.”

ವ್ಯಾಪಾರದಲ್ಲಿ ಹೀಗೆ ಎಲ್ಲವನ್ನೂ ಮೊದಲೇ ಎದುರಿನವರ ಕೈಗೆ ಕೊಟ್ಟವನು ಉದ್ಧಾರವಾದದ್ದನ್ನು ನಾನು ನೋಡಿಲ್ಲ. ಕದಿರು ಹೋಯಿತು ಎಂದೇ ತಿಳಿದೆ. ಆ ಹೆಂಗಸಿನ ಮುಖ ಬಿಗಿಯಿತು. ಬಾಗಿಲ ಮೇಲೆ ಹೋದ ವರ್ಷದ ಒಣ ಕದಿರು ನೇತಾಡುತ್ತಿತ್ತು. ಅದನ್ನೇ ನೋಡುತ್ತಾ ನಿಂತರು.

“ಮೊದಲ ಹಿಡಿ ನಮ್ಮ ಯಜಮಾನರು ಕೊಯ್ಯುತ್ತಿದ್ದರು. ಅವರು ಹೋದ ಮೇಲೆ ನಾನು. ಹೊರಗಿನವರ ಕೈ ತಾಗಿದ್ದು ಇದೇ ಮೊದಲು.” ಮತ್ತೆ ಹುಡುಗರ ಕಡೆ ತಿರುಗಿ ಕೇಳಿದರು: “ಕತ್ತಿ ಹಾಕುವ ಮೊದಲು ಏನು ಮಾಡಿದಿರಿ?”

ಎಲ್ಲರಿಗಿಂತ ಸಣ್ಣವನು ಹೇಳಿದ: “ಬೂಟು ಗದ್ದೆಯಂಚಿನ ಹುಣಿಯಲ್ಲಿ ಬಿಚ್ಚಿಟ್ಟೆವು. ಮತ್ತೆ ಪ್ರಾರ್ಥನೆ ಹೇಳಿದೆವು.”

“ಬೂಟು ಬಿಚ್ಚಲು ಯಾರು ಹೇಳಿದ್ದು? ಈ ಪೊರ್ಬುಗಳಾ?”

“ಯಾರೂ ಇಲ್ಲ. ದೇವರಿಗೆ ಕೊಡುವ ಅಕ್ಕಿ ಅಲ್ವಾ.”

ಆಗ ನಾನು ಹುಡುಗರ ಕಾಲು ನೋಡಿದೆ. ಇಸ್ತ್ರಿ ಹಾಕಿದ ಸಮವಸ್ತ್ರ, ಕೆಳಗೆ ಮೊಣಕಾಲಿನವರೆಗೆ ಕೆಸರು. ಇಷ್ಟು ಭಾನುವಾರ ನಾನು ಹೇಳಿದ ಮಾತುಗಳಲ್ಲಿ ಬೂಟಿನ ವಿಷಯ ಇರಲೇ ಇಲ್ಲ. ಅದು ಅವರಿಗೆ ಎಲ್ಲಿಂದ ಬಂತು ಎಂದು ನನಗೆ ಇಂದಿಗೂ ಗೊತ್ತಿಲ್ಲ.

“ಹಾಗಾದರೆ ಕಾಲು ತೊಳೆದು ಮೇಲೆ ಬನ್ನಿ” ಎಂದರು ಆ ಹೆಂಗಸು.

ದೀಪ ಹಚ್ಚಿದರು. ನಾಯಕ ಹುಡುಗ ಒಂದು ಹಿಡಿ ಕದಿರನ್ನು ಬಾಳೆಲೆಯ ಮೇಲಿಟ್ಟು ನೀಡಿದ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಗೆ ಮುಟ್ಟಿಸಿ, ತುಳಸಿಕಟ್ಟೆಗೆ ಸುತ್ತು ಬಂದು ಒಳಗೆ ನಡೆದರು. ಹುಡುಗರು ಕೈಮುಗಿದು ಸಾಲಾಗಿ ನಿಂತಿದ್ದರು. ನಾನು ಮರದ ಬೆಲೆ ಕಟ್ಟುತ್ತಾ ಎಷ್ಟೋ ಮನೆಗಳ ಬಾಗಿಲು ದಾಟಿದವನು. ಅಂದು ಆ ಹೊಸ್ತಿಲು ದಾಟಲು ಕಾಲು ಏಳಲಿಲ್ಲ. ಅಂಗಳದಲ್ಲೇ ಚಪ್ಪಲಿ ಕಳಚಿ ನಿಂತೆ.

ಉಳಿದ ಕದಿರಿಗೆಲ್ಲ ಅವರು ತಮ್ಮ ಕೈಯಾರೆ ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಸುತ್ತಿ ನಾರಿನಲ್ಲಿ ಕಟ್ಟಿದರು. “ಈ ಮನೆಯಿಂದ ಹೊಸತು ಹೀಗೇ ಹೋಗಬೇಕು. ಮುಂದಿನ ವರ್ಷ ಮೊದಲು ಮೆಟ್ಟಿಲು ಹತ್ತಿ ಕರೆಯಿರಿ ಮಕ್ಕಳೇ, ಕಳ್ಳರ ಹಾಗೆ ಗದ್ದೆಗೆ ಇಳಿಯುವುದಲ್ಲ. ಈಗ ಹೋಗಿ ಬೂಟು ಹಾಕಿಕೊಳ್ಳಿ, ನಾಯಿ ಕಚ್ಚಿಕೊಂಡು ಹೋದೀತು.”

ಮರುದಿನ ಇಗರ್ಜಿಯಲ್ಲಿ ಫಾದರ್ ಆ ಕಟ್ಟು ನೋಡಿ ಹುಬ್ಬೇರಿಸಿದರು. ನಾಯಕ ಹುಡುಗ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಒಂದು ಎಲೆಯನ್ನೂ ಬಿಚ್ಚಿಸಲಿಲ್ಲ. ಇದ್ದ ಹಾಗೇ ಪೀಠದ ಎದುರು ಇಡಿಸಿ ತೀರ್ಥ ಚಿಮುಕಿಸಿದರು. ಸುತ್ತ ಎಲ್ಲರೂ ಹಾಡುತ್ತಿದ್ದರು.

ನನ್ನ ಪಾಲಿಗೆ ಬಂದ ಕದಿರಿಗೆ ಒಂದು ಚೂರು ಬಿದಿರೆಲೆ ಅಂಟಿಕೊಂಡಿತ್ತು. ಕಾಳು ಸುಲಿಯಲು ಕೂತ ಹೆಂಡತಿ ಅದನ್ನು ಕಸವೆಂದು ಕೀಳಹೊರಟಳು. ಇರಲಿ ಎಂದೆ.